ತಮ್ಮನ ಕಾಲು, ಅಕ್ಕನ ನಾಲಿಗೆ

ಕಾರು ಕಲಿಸುವ ಶಾಲೆಯಲ್ಲಿ ಅವಳನ್ನು ಎಲ್ಲರೂ ಬ್ರೇಕಕ್ಕ ಎಂದೇ ಕರೆಯುತ್ತಿದ್ದರು. ಹೊಸಬರ ಪಕ್ಕ ಜೀವ ಕೈಯಲ್ಲಿ ಹಿಡಿದು ಕೂರುವ ಕೆಲಸ. ಅಂಜಿಕೆ ಅಡಗಿಸಲು ದವಡೆಯಲ್ಲಿ ಹೊಗೆಸೊಪ್ಪು ಇಟ್ಟುಕೊಳ್ಳುವುದು ಎಂದೋ ಚಟವಾಗಿತ್ತು.

ಅವಳ ತಮ್ಮ ಬಡಗಿ. ಒಂದು ಬೆಳಿಗ್ಗೆ ಅವನ ಮೀನಖಂಡ ಊದಿ ಕಲ್ಲಾಯಿತು. ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅವರಮ್ಮ ತೀರಿಕೊಂಡದ್ದೂ ಇಂಥದೇ ಹೆಪ್ಪು ಶ್ವಾಸಕೋಶಕ್ಕೇರಿ. ರಕ್ತರೋಗದ ವೈದ್ಯೆ ಅಕ್ಕನನ್ನೂ ಪರೀಕ್ಷಿಸಿದರು. ರಕ್ತ ಬೇಗ ಹೆಪ್ಪುಗಟ್ಟುವಂತೆ ಮಾಡುವ ಜೀನ್ ದೋಷ ಇಬ್ಬರಲ್ಲೂ ಇತ್ತು.

“ಬಾಯಲ್ಲೇನಮ್ಮಾ ಅದು?” ಕೆನ್ನೆಯ ಉಬ್ಬು ಕಂಡು ವೈದ್ಯೆ ಕೇಳಿದರು.

ಅಕ್ಕ ತುಟಿ ಬಿಗಿದಳು. “ತೋರಿಸೇ, ಮುಚ್ಚಿಟ್ರೆ ಕರಗಿ ಹೋಗುತ್ತಾ?” ಎಂದ ತಮ್ಮ.

“ಈ ಜೀನ್ ಇದ್ದೋರಿಗೆ ಬಾಯಿ ಕ್ಯಾನ್ಸರ್ ಜಾಸ್ತಿನಾ ಅಂತ ಇನ್ನೂ ಹುಡುಕ್ತಾ ಇದಾರೆ. ಹೊಗೆಸೊಪ್ಪಿನ ವಿಷಯದಲ್ಲಿ ಮಾತ್ರ ಅನುಮಾನವೇ ಇಲ್ಲ. ಬಾಯಿ ತೆಗೀರಿ,” ಎಂದರು ವೈದ್ಯೆ.

ನಾಲಿಗೆಯ ಅಂಚಲ್ಲಿ ಬಿಳಿ ಮಚ್ಚೆ. ಚೂರು ತೆಗೆದು ಪರೀಕ್ಷಿಸಿದರೆ ಕ್ಯಾನ್ಸರೇ; ಆದರೆ ಆಗಷ್ಟೇ ತಲೆಯೆತ್ತಿತ್ತು.

ಕತ್ತರಿಸಿ ಮಲಗಿಸಿದರೆ ರಕ್ತ ಹೆಪ್ಪುಗಟ್ಟುವ ಭಯ, ಬಿಟ್ಟರೆ ಕ್ಯಾನ್ಸರಿನ ಭಯ. “ಮೊದಲೇ ಗೊತ್ತಾಗಿದ್ದು ಒಳ್ಳೇದಾಯ್ತು. ಹೆಪ್ಪಾಗದ ಹಾಗೆ ಇಂಜೆಕ್ಷನ್ ಕೊಟ್ಟು ನೋಡ್ಕೋತೀವಿ,” ಎಂದರು ಶಸ್ತ್ರವೈದ್ಯರು. ನಾಲಿಗೆಯ ಒಂದು ತುಣುಕು ಹೋಯಿತು. ಮಾರನೆಯ ದಿನವೇ ಎಬ್ಬಿಸಿ ನಡೆಸಿದರು. ಮೂಗಲ್ಲಿ ಕೊಳವೆಯಿದ್ದ ಅಕ್ಕ, ಕಾಲಿಗೆ ಬಿಗಿ ಪಟ್ಟಿ ಸುತ್ತಿದ್ದ ತಮ್ಮ: ಯಾರು ಯಾರಿಗೆ ಆಸರೆಯೆಂದು ನರ್ಸಿಗೂ ತಿಳಿಯಲಿಲ್ಲ.

ಮಾತು ತೊದಲಿತು, ‘ರ’ಕಾರ ನಾಲಿಗೆಗೆ ಸಿಗದೆ ಜಾರುತ್ತಿತ್ತು. ಕನ್ನಡಿಯೆದುರು ಕೂತು, ಅತ್ತು, ತನ್ನನ್ನೇ ಬೈದುಕೊಂಡು, ಪಟ್ಟು ಬಿಡದೆ ಅಭ್ಯಾಸ ಮಾಡಿದಳು. ಹೊಗೆಸೊಪ್ಪನ್ನು ಮತ್ತೆ ಮುಟ್ಟಲಿಲ್ಲ.

ಕೆಲಸಕ್ಕೆ ಮರಳಿದ ದಿನ ಕಲಿಯಲು ಬಂದ ಅಜ್ಜಿ ಕಾರನ್ನು ನೇರ ಗೋಡೆಗೇ ತಿರುಗಿಸಿದರು. “ಬ್ರೇಕ್!” ಅಕ್ಷರವೊಂದೂ ಜಾರದೆ ಗಂಟಲು ಬಿಚ್ಚಿ ಬಂತು ಆ ಕೂಗು. ಕಾರು ನಿಂತಿತು. “ಕಿವಿ ಕೇಳುತ್ತೆ ಕಣಮ್ಮಾ,” ಎಂದರು ಅಜ್ಜಿ. ಅಕ್ಕ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು.

ವರ್ಷದ ತಪಾಸಣೆಯಲ್ಲಿ ರೋಗದ ಸುಳಿವೇ ಇರಲಿಲ್ಲ. ಅದೇ ವಾರ ಅವಳು ಚಿಕ್ಕಮ್ಮನನ್ನೂ ಸೋದರಮಾವನನ್ನೂ ಕಾರಲ್ಲಿ ತುಂಬಿಕೊಂಡು ಆಸ್ಪತ್ರೆಗೆ ಹೊರಟಳು.

“ನನ್ನ ಬಾಯಿ ನೋಡ್ಸೋಕೆ ನೀನ್ಯಾರೇ?” ಮಾವ ಸಿಡುಕಿದ.

“ನಿನ್ನಕ್ಕನ ಮಗಳು. ಸುಮ್ನೆ ಕೂತ್ಕೋ.”

ಚಿಕ್ಕಮ್ಮನಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. ಮಾವನ ಬಾಯಿಯೂ ಸ್ವಚ್ಛವಾಗಿತ್ತು. ಅವನ ರಕ್ತದಲ್ಲಿ ಮಾತ್ರ ಅದೇ ಜೀನ್. ಈಗ ದೂರದ ಪ್ರಯಾಣದಲ್ಲಿ ಅವನು ರಕ್ತ ಹೆಪ್ಪುಗಟ್ಟದಿರಲೆಂದು ಆಗಾಗ ಬಸ್ಸಿಳಿದು ಕಾಲಾಡಿಸುತ್ತಾನೆ, ಕೇಳಿದವರಿಗೆಲ್ಲ ಅಕ್ಕನ ಮಗಳ ಅಪ್ಪಣೆ ಎನ್ನುತ್ತಾನೆ.