ನಾಲ್ಕು ಸಲ ಮಡಿಸಿದ ಅಂಚು

ನನ್ನ ಅಕ್ಕನನ್ನು ಅಂಗಡಿಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಕತ್ತರಿಯಕ್ಕ ಎಂದು. ಮೂವತ್ತು ವರ್ಷ ಒಂದೇ ಹೊಲಿಗೆ ಅಂಗಡಿ, ಒಂದೇ ಮೇಜು, ಒಂದೇ ಕತ್ತರಿ. ಗುರುತು ಹಾಕದೆ ತೋಳು ಕತ್ತರಿಸಬಲ್ಲವಳು. ಅವಳು ಕತ್ತರಿಸಿದ್ದಕ್ಕೆ ಅಂಚು ಮಡಿಸುವುದು, ಗುಂಡಿ ಹಚ್ಚುವುದು ನನ್ನ ಕೆಲಸ. ಅಷ್ಟೂ ವರ್ಷದಲ್ಲಿ ನನ್ನ ಹೊಲಿಗೆಯನ್ನು ಅವಳು ಚೆನ್ನಾಗಿದೆ ಎಂದವಳಲ್ಲ. "ಪೆದ್ದಿ, ಇದೇನು ಹೊಲಿಗೆನೋ ಇರುವೆ ಸಾಲೋ?" ಎಂದು ಎಲ್ಲರೆದುರೇ ನಗುತ್ತಿದ್ದಳು.

ತೂಕ ನೂರಾ ಹದಿನೆಂಟು ಕಿಲೋ ಮುಟ್ಟಿದಾಗ ಅವಳ ಮಂಡಿಗಳು ಕೈಕೊಟ್ಟವು. ಹತ್ತು ನಿಮಿಷ ನಿಂತರೆ ಮೇಜು ಹಿಡಿದು ಹಲ್ಲು ಕಚ್ಚುತ್ತಿದ್ದಳು. ಮಾಲೀಕ ಒಂದು ಸ್ಟೂಲು ತಂದಿಟ್ಟ. ಅದನ್ನು ಕಾಲಲ್ಲಿ ಒದ್ದಳು.

"ಕೂತು ಕತ್ತರಿಸೋಕೆ ಇದೇನು ತರಕಾರಿನಾ? ನಿಂತು ಕತ್ತರಿಸೋಕಾಗದ ದಿನ ನಾನು ಈ ಅಂಗಡಿ ಮೆಟ್ಟಿಲು ಹತ್ತಲ್ಲ."

ಆ ಮೇಜಿಗೋಸ್ಕರವೇ ಅವಳು ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡದ್ದು. ಚಂದ ಕಾಣಬೇಕೆಂದಲ್ಲ. ಯಾರಾದರೂ ಹಾಗೆಂದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಜಠರ ಚಿಕ್ಕದು ಮಾಡಿ ಕರುಳಿಗೆ ಬೇರೆ ದಾರಿ ಜೋಡಿಸಿದರು. ಮನೆಗೆ ಕಳಿಸುವಾಗ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದರು: "ಇನ್ನು ಮೇಲೆ ತಿಂದದ್ದರಲ್ಲಿರೋ ಸುಣ್ಣದ ಅಂಶ ಮೈಗೆ ಸರಿಯಾಗಿ ಹತ್ತಲ್ಲ. ಈ ಮಾತ್ರೆ ಬದುಕಿರೋವರೆಗೂ ಬೇಕು. ವರ್ಷಕ್ಕೊಮ್ಮೆ ಪರೀಕ್ಷೆಗೆ ಬರಲೇಬೇಕು." ನಾವಿಬ್ಬರೂ ಗೋಣು ಆಡಿಸಿದೆವು.

ಮಾತ್ರೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು. ನುಂಗಿದರೆ ವಾಂತಿ. "ಇದಕ್ಕಿಂತ ನಮ್ಮ ಅಂಗಡಿ ಚಾಕ್‌ಪೀಸೇ ವಾಸಿ ಕಣೇ," ಎನ್ನುತ್ತಿದ್ದಳು. ನಾನೂ ನಕ್ಕೆ. ಎಂಟು ತಿಂಗಳಿಗೆ ಡಬ್ಬಿ ಕಪಾಟಿನ ಹಿಂದಕ್ಕೆ ಸರಿಯಿತು. ಪರೀಕ್ಷೆಗೆ ಒಂದು ವರ್ಷ ಹೋದಳು. ಮರುವರ್ಷ, "ಮಂಡಿ ನೋವಿಲ್ಲ, ಚಂಗನೆ ಓಡಾಡ್ತೀನಿ, ನನಗೇನು ಬಂದಿದೆ ಧಾಡಿ?" ಎಂದು ಮಾತು ಹಾರಿಸಿದಳು. ನಿಜವೇ, ಬೆಳಗಿನಿಂದ ಸಂಜೆಯವರೆಗೆ ಮೇಜಿನ ಮುಂದೆ ನಿಂತೇ ಇರುತ್ತಿದ್ದಳು. ಅವಳನ್ನು ಹಾಗೆ ನೋಡಿ ನನಗೆ ಕಣ್ಣು ತುಂಬಿಬರುತ್ತಿತ್ತು.

ಕೆಲಸಕ್ಕೆ ಅವಳು ಹಾಕುತ್ತಿದ್ದದ್ದು ಹೆಗಲಿನಿಂದ ಪಾದದವರೆಗೆ ಇಳಿಯುವ ಬೂದು ನಿಲುವಂಗಿ. ಇಳಿದ ಮೈಗೆ ತಕ್ಕಂತೆ ಅದರ ಪಕ್ಕಗಳನ್ನು ಹಿಡಿದು ಹೊಲಿದೆ. ಹೊಟ್ಟೆ ಎತ್ತಿ ಹಿಡಿದಿದ್ದ ಬಟ್ಟೆ ಕೆಳಗೆ ಬಿದ್ದು ಅಂಚು ನೆಲ ಗುಡಿಸತೊಡಗಿತು. ಅಂಚನ್ನು ಎರಡು ಬೆರಳಗಲ ಮಡಿಸಿದೆ. ಅದು ಸರಿಯೇ ಇತ್ತು, ಯಾವ ದರ್ಜಿಯಾದರೂ ಅದನ್ನೇ ಮಾಡುತ್ತಿದ್ದ.

ಮೂರನೆಯ ವರ್ಷಕ್ಕೆ ತೂಕ ಎಪ್ಪತ್ತಕ್ಕೆ ಬಂದು ನಿಂತಿತು. ಅಂಗಿ ಇಳಿಯುವುದು ಮಾತ್ರ ನಿಲ್ಲಲಿಲ್ಲ. "ತಕ್ಕಡಿ ಸುಳ್ಳು ಹೇಳ್ತದೆ, ನಾನು ಇನ್ನೂ ಕರಗ್ತಾ ಇದೀನಿ ನೋಡೇ!" ಎಂದು ಅಕ್ಕ ಹಿಗ್ಗಿದಳು. ಇನ್ನೊಂದು ಬೆರಳು ಮಡಿಸಿದೆ. ಮುಂದಿನ ವರ್ಷ ಮತ್ತೊಂದು. ಐದನೆಯ ವರ್ಷ ಅಂಚು ಮುಂದೆ ನೆಲಕ್ಕೆ ಎಳೆಯುತ್ತಿತ್ತು, ಹಿಂದೆ ಹಿಮ್ಮಡಿಗಿಂತ ಮೇಲಿತ್ತು. ಮುಂಭಾಗವನ್ನಷ್ಟೇ ಮಡಿಸಿ ಸರಿದೂಗಿಸಿದೆ. "ಬೆನ್ನು ಯಾಕೋ ಹಿಡ್ಕೊಂಡಿದೆ," ಎನ್ನುತ್ತಿದ್ದಳು. ದಿನವಿಡೀ ಬಗ್ಗಿ ಕತ್ತರಿಸುವವಳಿಗೆ ಬೆನ್ನು ಹಿಡಿಯದೆ ಇನ್ನೇನಾದೀತು ಎಂದುಕೊಂಡೆ.

ಥೂ ನನ್ನ ಬುದ್ಧಿಗಿಷ್ಟು! ಅಂಗಿ ಮುಂದೆ ಇಳಿದು ಹಿಂದೆ ಏರಿತೆಂದರೆ ಬೆನ್ನು ಗೂನಾಗುತ್ತಿದೆ ಎಂದರ್ಥ. ಮುದುಕಿಯರ ಅಳತೆ ತೆಗೆಯುವಾಗ ಇದನ್ನು ನನಗೆ ಹೇಳಿಕೊಟ್ಟವಳೇ ಅಕ್ಕ. ಐವತ್ತೂ ತುಂಬದ ಅವಳ ಮೈಮೇಲೆ ಅದೇ ಕಂಡಾಗ ನಮ್ಮಿಬ್ಬರ ಕಣ್ಣಿಗೂ ಬಿದ್ದದ್ದು ತೆಳ್ಳಗಾದದ್ದೊಂದೇ.

ಆ ವರ್ಷವೇ ಒಂದು ಮಧ್ಯಾಹ್ನ ಮೇಜಿನ ಮೇಲಿದ್ದ ಬಟ್ಟೆಯ ಥಾನು ಎತ್ತಿದಳು. ದೊಡ್ಡದೇನಲ್ಲ, ನಾನು ಒಂದೇ ಕೈಯಲ್ಲಿ ಎತ್ತುವಂಥದ್ದು. "ಅಮ್ಮಾ" ಎಂದವಳು ಅಲ್ಲೇ ಕುಸಿದಳು.

ಎಕ್ಸ್‌ರೇ ನೋಡಿ ಡಾಕ್ಟರಮ್ಮ ಕೇಳಿದರು, "ಮೊದಲು ಯಾವಾಗ ಬಿದ್ದಿದ್ರಿ?"

"ಬಿದ್ದೇ ಇಲ್ಲ," ಎಂದಳು ಅಕ್ಕ.

"ಬೆನ್ನುಮೂಳೆ ಮೂರು ಕಡೆ ಜಜ್ಜಿಹೋಗಿದೆ. ಒಂದು ಇವತ್ತಿಂದು, ಎರಡು ಹಳೇದು. ಸುಣ್ಣ ಸಿಗದೆ ಮೂಳೆ ಟೊಳ್ಳಾಗಿದೆ. ಎರಡೂವರೆ ಅಂಗುಲ ಎತ್ತರ ಕಳ್ಕೊಂಡಿದೀರಿ. ಮನೇಲಿ ಯಾರಿಗೂ ಗೊತ್ತಾಗಲಿಲ್ವಾ?"

ನಾನು ಅವಳ ಅಂಗಿಯ ಅಂಚು ನೋಡಿದೆ. ಅಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿ ಉಗಿದಿದ್ದರೆ ಚೆನ್ನಾಗಿತ್ತು.

ಈಗ ಬೆನ್ನಿಗೆ ಗಟ್ಟಿ ಪಟ್ಟಿ, ದಿನವೂ ಅದೇ ಮಾತ್ರೆ. ಇರುವ ಮೂಳೆಯನ್ನು ಉಳಿಸಿಕೊಳ್ಳಬಹುದಂತೆ, ಹೋದ ಎತ್ತರ ಬರುವುದಿಲ್ಲವಂತೆ. ಬಗ್ಗಬಾರದು, ಭಾರ ಎತ್ತಬಾರದು, ಗಂಟೆಗಟ್ಟಲೆ ನಿಲ್ಲಬಾರದು. ಮಾಲೀಕ ಅವಳ ಕತ್ತರಿಯನ್ನು ನನ್ನ ಕೈಗೆ ಕೊಟ್ಟ.

ಮೆಟ್ಟಿಲು ಹತ್ತುವುದಿಲ್ಲ ಎಂದಿದ್ದವಳು ಮೂರು ತಿಂಗಳ ಮೇಲೆ ನನ್ನ ತೋಳು ಹಿಡಿದು ಅಂಗಡಿಗೆ ಬಂದಳು. ಅಂದು ಒದ್ದ ಸ್ಟೂಲಿನ ಮೇಲೇ ಕೂತಳು. "ಮನೇಲಿ ಗೋಡೆ ನೋಡಿ ಸಾಕಾಯ್ತು, ಏನಾದ್ರೂ ಅಂಚಿನ ಕೆಲಸ ಕೊಡೇ," ಎಂದಳು. ಬೆನ್ನಿನ ಪಟ್ಟಿ ಹಿಡಿಸುವಂತೆ ಅವಳ ಬೂದು ಅಂಗಿಯ ಪಕ್ಕ ಬಿಚ್ಚಬೇಕಿತ್ತು. ಅದನ್ನೇ ತೊಡೆಯ ಮೇಲೆ ಹರಡಿಕೊಂಡಳು. ಬಿಚ್ಚುತ್ತಾ ಬಿಚ್ಚುತ್ತಾ ಕೆಳಗಿನ ಅಂಚಿಗೆ ಬಂದು ನಿಂತಳು. ನಾಲ್ಕು ಮಡಿಕೆಗಳನ್ನೂ ಒಂದೊಂದಾಗಿ ಬೆರಳಲ್ಲಿ ಸವರಿದಳು. ಮೊದಲನೆಯದು ಬೊಜ್ಜಿನದು, ಉಳಿದ ಮೂರೂ ಮೂಳೆಯವು. ನಾನು ಅವಳ ಕತ್ತರಿ ಹಿಡಿದು ನಿಂತಿದ್ದೆ.

"ಎಷ್ಟು ನೀಟಾಗಿ ಹೊಲಿದಿದೀಯೇ," ಎಂದಳು. "ಮಡಿಸಿದ್ದು ಗೊತ್ತೇ ಆಗಲ್ಲ."

ಅಕ್ಕ ನನ್ನ ಕೆಲಸವನ್ನು ಹೊಗಳಿದ್ದು ಅದೇ ಮೊದಲು. ಕತ್ತರಿಯನ್ನು ಮೇಜಿನ ಮೇಲಿಟ್ಟು ಹೊರಗೆ ಹೋಗಿ ಅತ್ತೆ.