ಎಣ್ಣಿ ಹಚ್ಚಿದ ದೋಣಿ ಮ್ಯಾಲಿನ ಕ್ಯಾಮರಾ

ಈ ಕ್ಯಾಮರಾದ ಸಂಗತಿ ನಡದಾಗ ನನಗ ಅರವತ್ತೆರಡು. ಈಗ ಮೂರು ವರ್ಷ ಆತು. ಮೈದುನನ ಮ್ಯಾಲಿನ ಸಿಟ್ಟು ಅದಕ್ಕೂ ಹಳೇದು, ನನ್ನ ಗಂಡ ಸತ್ತ ವರ್ಷದ್ದು. ಅದನ್ನ ಮೊದಲು ಹೇಳ್ತೀನಿ. ಇಲ್ಲಂದ್ರ ನಾ ಮಾಡಿದ್ದು ಯಾಕ ಮಾಡಿದೆ ಅಂತ ತಿಳಿಯಂಗಿಲ್ಲ.

ನಮ್ಮದು ಮಳಖೇಡದ ಕಡಿ ಕಾಗಿಣಾ ಹೊಳಿ ದಂಡಿ ಮ್ಯಾಲಿನ ಊರು. ಪುಟ್ಟಿ, ಅಂದ್ರ ಬುಟ್ಟಿಯಂಥ ದುಂಡನ ದೋಣಿ, ಹಾಕೋದು, ಮೀನ ಹಿಡಿಯೋದು ನಮ್ಮ ಮನಿ ಕೆಲಸ. ಮಳಿಗಾಲದಾಗ ಕೆಂಪು ಹೊಸ ನೀರು ಬಂದು, ಪುಟ್ಟಿ ಮೊದಲು ಇಳಿಸೋ ದಿನ ಅದರ ಅಂಚಿಗೆ ಕುಸುಬಿ ಎಣ್ಣ್ಯಾಗ ಅರಿಶಿಣ ಕಲಸಿ ಹಚ್ಚತೀವಿ. ಕುಂಕುಮ ಇಡತೀವಿ. ಆಮ್ಯಾಲ ನಡು ಹೊಳಿಗೆ ಹೋಗಿ ಗಂಗವ್ವಗ ಉಡಿ ಬಿಡತೀವಿ. ಎಣ್ಣಿ ಕಲಸೋದು ಮನಿ ಹಿರೇ ಸೊಸಿ ಕೆಲಸ. ಮದುವಿ ಆಗಿ ಬಂದಾಗಿಂದ ನಾನೇ ಕಲಸ್ತಿದ್ದೆ. ಗಂಡ ಕಾಮಾಲಿ ಆಗಿ ಸತ್ತ. ಆ ವರ್ಷ ಹೊಸ ನೀರು ಬಂದಾಗ ನಾ ಎಂದಿನಂಗ ಬಟ್ಟಲ ಹಿಡಕೊಂಡು ದಂಡಿಗೆ ಹೋದೆ. ಮೈದುನ ಎಲ್ಲರ ಮುಂದ ಬಟ್ಟಲ ಕಸಗೊಂಡ.

"ಮುಂಡಿ ಕಲಸಿದ ಎಣ್ಣಿ ನಮ್ಮ ಪುಟ್ಟಿಗೆ ಬ್ಯಾಡ. ಮನಿಗಿ ನಡಿ," ಅಂದ.

ಅಣ್ಣನ ಹೆಂಡತಿ ಅಂತ ವೈನಿ ಅನ್ನಲಿಲ್ಲ. ನಡೀರಿ ಅನ್ನಲಿಲ್ಲ. ಅವನ ಮದುವ್ಯಾಗ ಅವನ ಮೈಗಿ ಅರಿಶಿಣ ಹಚ್ಚಿದಾಕಿ ನಾನು.  ಗಂಡನ ಪುಟ್ಟಿನೂ ಅವನೇ ಇಟಗೊಂಡ. ನಾ ಮನಿಗಿ ಬಂದು ರೊಟ್ಟಿ ಬಡದೆ. ಅವತ್ತಿನಿಂದ ಅವನ ಮನಿ ನೀರು ಕುಡದಿಲ್ಲ.

ನನಗ ಒಬ್ಬಾಕೇ ಮಗಳು. ಗಂಡನ ಮನಿ ಬಿಟ್ಟು ಬಂದು ಶಹಾಬಾದದಾಗ ಫರಸಿ ಕಲ್ಲು ಪಾಲಿಶ್ ಮಾಡೋ ಕೆಲಸಕ್ಕ ಹೋಗ್ತಿದ್ದಳು. ಕಲ್ಲಿನ ಧೂಳು ಎದ್ಯಾಗ ಕುಂತು ಕೆಮ್ಮು ಹತ್ತಿತು. ಕಲಬುರಗಿ ದವಾಖಾನ್ಯಾಗ ಲೇಡಿ ಡಾಕ್ಟರ್ ಹೇಳಿದ್ದು ಇಷ್ಟೇ: "ಧೂಳಿನ ಕೆಲಸ ಬಿಡಸ್ರಿ. ಇಲ್ಲಂದ್ರ ನಾ ಎಷ್ಟು ಔಷಧ ಕೊಟ್ರೂ ದಂಡ." ಬಿಟ್ಟ ಮ್ಯಾಲ ಏನು ಮಾಡಬೇಕು ಅನ್ನೋದು ಆಕಿ ಹೇಳಲಿಲ್ಲ. ಮಗಳು ಕೆಮ್ಮಿಕೋತ ಹೋಗ್ತಿದ್ದಳು, ಕೆಮ್ಮಿಕೋತ ಬರ್ತಿದ್ದಳು.

ಅದೇ ಹೊತ್ತಿಗೆ ಚಿಂಚೋಳಿ ಕಡಿ ಡ್ಯಾಮಿನ ನೀರಿನ್ಯಾಗ ಮಂದಿಗೆ ದೋಣಿ ಆಡಸೋ ಕಂಪನಿ ಒಂದು ಬಂತು. ಒಬ್ಬರೇ ಕೂಡೋವಂಥ ಉದ್ದನ ಪ್ಲಾಸ್ಟಿಕ್ ದೋಣಿ. ಅದಕ್ಕ ಕಯಾಕ್ ಅಂತಾರ. ಬಂದವರಿಗೆ ಕಲಿಸಲಿಕ್ಕ, ಬಿದ್ದವರನ್ನ ಎತ್ತಲಿಕ್ಕ ನೀರು ಬಲ್ಲವರು ಒಬ್ಬರು ಬೇಕಾಗಿದ್ದರು. ಧೂಳಿಲ್ಲದ ಕೆಲಸ. ನನ್ನ ಮಗಳು ಸಣ್ಣಾಕಿದ್ದಾಗಿಂದ ಅಪ್ಪನ ಪುಟ್ಟ್ಯಾಗ ಬೆಳದಾಕಿ, ಹೋಗಿ ಹೆಸರು ಬರಸಿದಳು. ಭಾಳ ಮಂದಿ ಬಂದಿದ್ದರಂತ. ಸೋಸಿ ಸೋಸಿ ಕೊನಿಗಿ ಉಳದವರು ಇಬ್ಬರೇ. ನನ್ನ ಮಗಳು ಒಬ್ಬಾಕಿ. ಇನ್ನೊಬ್ಬಂವ ನನ್ನ ಮೈದುನನ ಮಗ.

ದೋಣಿ ಕಲಿಸೋ ಕಂಪನಿ ಮಾಸ್ತರ ಸೇಡಂದಾಂವ, ಇರೋದು ಚಿಂಚೋಳ್ಯಾಗ. ಬಾಯಿ ಬಿಟ್ಟು ಹೇಳಿದ: "ನಾ ಯಾರನ್ನ ಆರಿಸಿದ್ರೂ ಇನ್ನೊಬ್ಬರ ಕಡಿಯವರು ನನಗ ಈ ಊರಾಗ ತಿರಗಲಿಕ್ಕ ಬಿಡಂಗಿಲ್ಲ. ಮಾಲಕರು ಹೈದರಾಬಾದದಾಗ ಇರ್ತಾರ. ವಿಡಿಯೋ ನೋಡಿ ಅವರೇ ಆರಿಸ್ಲಿ."

ಹೊಳಿಗೆ ಅಡ್ಡ ಕಟ್ಟಿದ ಬಾಂದಾರದ ಕೆಳಗ ನಮ್ಮ ಹೊಳಿ ಫರಸಿ ಬಂಡೆಗಲ್ಲ ಮ್ಯಾಲಿಂದ ಮೆಟ್ಟಲ ಮೆಟ್ಟಲ ಇಳೀತದ. ಮಳಿ ನೀರು ಬಂತಂದ್ರ ಅಲ್ಲಿ ನೊರಿ ಎದ್ದು ಕುದೀತದ. ಪರೀಕ್ಷಾ ಅಂದ್ರ ಆ ಕುದಿಯೊಳಗಿಂದ ಇಬ್ಬರೂ ಒಂದೊಂದು ಸಲ ಇಳೀಬೇಕು. ದೋಣಿ ಮೂತಿ ಮ್ಯಾಲ ಸಾಬೂನಿಗಿಂತ ಸಣ್ಣ ಕ್ಯಾಮರಾ ಒಂದು ಇರ್ತದ. ಅದು ಕೂತವರ ಮಾರಿ, ಕೈ, ಹುಟ್ಟು ಹಾಕೋ ರೀತಿ ಎಲ್ಲಾ ಹಿಡೀತದ. ಕ್ಯಾಮರಾ ನೀರುಪಾಲಾದ್ರ ನೀ ಎಷ್ಟು ಚಂದ ಇಳದ್ರೂ ಇಳದಂಗಲ್ಲ.

ಕಲಿಯೋ ದಿನಗಳಾಗ ಮಗಳು ಒಮ್ಮಿ ಹಸಿ ದೋಣಿ ಮ್ಯಾಲೇ ಕ್ಯಾಮರಾ ಅಂಟಿಸಿಬಿಟ್ಟಿದ್ದಳು. ದಂಡ್ಯಾಗೇ ಕಳಚಿ ಬಿತ್ತು. ಮೊಣಕಾಲ ನೀರು, ಸಿಕ್ಕಿತು. ಮಾಸ್ತರ ಇಬ್ಬರನ್ನೂ ಕುಂದ್ರಿಸಿ ಬೈದ, ಬೈಕೋತ ಕಲಿಸಿದ. ದೋಣಿ ಸಾಬೂನ ಹಚ್ಚಿ ತೊಳೀಬೇಕು. ಪೂರಾ ಒಣಗಿಸಬೇಕು. ದವಾಖಾನಿ ಸ್ಪಿರಿಟ್ ಹಚ್ಚಿ ಒರಸಬೇಕು. ಒರಸಿದ ಮ್ಯಾಲ ಬೆರಳ ಸೈತ ಮುಟ್ಟಸಬಾರದು. ಆಮ್ಯಾಲ ಅಂಟಿನ ಪಟ್ಟಿ ಇಟ್ಟು ಮೈಭಾರ ಹಾಕಿ ಒತ್ತಬೇಕು, ಒಂದು ರಾತ್ರಿ ಹಂಗೇ ಬಿಡಬೇಕು. ಅಷ್ಟು ಮಾಡಿದ್ರೂ ನಂಬಬಾರದು. ನೈಲಾನ್ ಹುರಿ ಒಂದನ್ನ ಕ್ಯಾಮರಾಕ್ಕ ಕಟ್ಟಿ, ಅದರ ಇನ್ನೊಂದು ತುದಿ ದೋಣಿಯ ಹಿಡಿಕಿಗೇ ಕಟ್ಟಬೇಕು. ಪಟ್ಟಿ ಬಿಟ್ರೂ ಹುರಿ ಹಿಡೀತದ. ನಾ ದಂಡಿ ಮ್ಯಾಲ ಮೀನಿನ ಬಲಿ ಹೆಣಕೋತ ಕುಂತು ಕೇಳಿದೆ. ನನಗ ಕೆಲಸ ಇರಲಿಲ್ಲ, ಕಿವಿ ಇತ್ತು.

ಇಳಿಯೋ ದಿನದ ಹಿಂದಿನ ಸಂಜಿ ಎರಡೂ ದೋಣಿ ದಂಡಿ ಮ್ಯಾಲ ಮಗ್ಗಲಕ್ಕ ಮಗ್ಗಲ ಇದ್ದವು. ಮಗಳು ಮಾಸ್ತರ ಹೇಳಿದಂಗ ತೊಳದು, ಒರಸಿ, ಅಂಟಿಸಿ, ನಮ್ಮ ಬಲಿ ಹುರಿಲೇ ಎರಡು ಗಂಟು ಹಾಕಿ ಮಜಬೂತ್ ಕಟ್ಟಿದಳು. ಜಗ್ಗಿ ನೋಡಿದಳು. ನಾನೂ ಜಗ್ಗಿ ನೋಡಿದೆ. ಕೆಮ್ಮು ಬಂತಂತ ಆಕಿ ಬಿಸಿ ನೀರಿಗೆ ಮನಿಗಿ ಹೋದಳು. ನಾ ದೋಣಿ ಕಾಯಲಿಕ್ಕ ಕುಂತೆ.

ಮೈದುನ ಮಗನ ಕರಕೊಂಡು ಬಂದ. ಕೈಯಾಗ ಬಟ್ಟಲ. ನೋಡಿದ ಕೂಡಲೇ ಗುರ್ತು ಹಿಡದೆ, ನನ್ನ ಕೈಯಿಂದ ಕಸಗೊಂಡಿದ್ದೇ ಅದು.

"ಏನು, ನಿಮ್ಮ ದೋಣಿ ಮಾರಿ ಒಣ ಒಣ ಕಾಣಲಿಕತ್ತದ?" ಅಂದ. "ಹೌದು ಬಿಡು, ನಿಮ್ಮ ಮನ್ಯಾಗ ಹಚ್ಚೋರರೇ ಯಾರಿದ್ದಾರ."

ನಾ ಬಲಿ ನೋಡಕೋತ ಕುಂತೆ.

ಮಗ ಸ್ಪಿರಿಟ್ ಬಾಟಲಿ ತೆಗದ. ಅಪ್ಪ ಅವನ ಕೈಗೆ ಹೊಡದ. "ಹೊಸ ದೋಣಿ, ಹೊಸ ನೀರು. ಪೂಜಿ ಮೊದಲು ಆಗ್ಲಿ," ಅಂದು ದೋಣಿ ಮೂತಿ ತುಂಬ ಅರಿಶಿಣದ ಎಣ್ಣಿ ಸವರಿದ. ಕೈ ಬಿಚ್ಚಿ, ಎರಡೂ ಅಂಗೈಲೇ.

"ಮಾಸ್ತರ ಒರಸಬೇಕು ಅಂದಾನಪ್ಪಾ."

"ಗಂಗವ್ವನ ಅರಿಶಿಣ ಸ್ಪಿರಿಟ್ ಹಚ್ಚಿ ಒರಸ್ತಿ? ಯಾವಂವ ಅಂವ, ನಮಗ ಹೊಳಿ ಕಲಿಸಾಂವ? ನಿಮ್ಮ ಮುತ್ಯಾ ಈ ನೀರಾಗ ಏನು ಸ್ಪಿರಿಟ್ ಹಚ್ಚಿಕೊಂಡು ಇಳೀತಿದ್ದ?"

ಹುಡುಗ ತಲಿ ತುರಸಿಕೊಂಡ. ಅಪ್ಪ ಹೆಗಲ ಮ್ಯಾಲಿನ ಟವೆಲ್ ತೊಗೊಂಡು ಪಟ್ಟಿ ಇಡೋವಷ್ಟು ಜಾಗ ಮ್ಯಾಲ ಮ್ಯಾಲ ಒರಸಿದ. ಟವೆಲ್ ಹಳದಿ ಆತು, ದೋಣಿ ಹೊಳೀಲಿಕತ್ತಿತು. ಅದರ ಮ್ಯಾಲ ಪಟ್ಟಿ ಒತ್ತಿದರು. ಕ್ಯಾಮರಾ ಕೂತಂಗೇ ಕಂಡಿತು. ನೈಲಾನ್ ಹುರಿ ಕಟ್ಟಲಿಕ್ಕ ಹೋದ ಮಗನ ಕೈಯಿಂದ ಅದನ್ನೂ ಬಿಡಿಸಿ, ಪೂಜಿ ಮಾಡಿದ ಕಂಕಣದ ದಾರಲೇ ಕಟ್ಟಿಸಿದ. ನೂಲಿನ ದಾರ.

ನಾ ಎಲ್ಲಾ ನೋಡಿದೆ. ಇದು ನಿಲ್ಲಂಗಿಲ್ಲ ಅಂತ ಗೊತ್ತಿತ್ತು. ಒಂದು ಮಾತು ಅಂದಿದ್ರ ಸಾಕಾಗಿತ್ತು, 'ತಮ್ಮಾ, ಎಣ್ಣಿ ತೊಳೀ' ಅಂತ. ಅನ್ನಲಿಲ್ಲ. ಇವತ್ತು ಅಲ್ಲೇ ಕುಂದ್ರಿಸಿದ್ರೂ ಅನ್ನಂಗಿಲ್ಲ. ನನ್ನ ಕೈ ಎಣ್ಣಿ ಬ್ಯಾಡ ಅಂದವರಿಗೆ ನನ್ನ ಬಾಯಿ ಮಾತು ಯಾಕ ಬೇಕು?

ಮರುದಿನ ಮಾಸ್ತರ ಬಂದ. ದಂಡಿಗುಂಟ ಹಗ್ಗ ಹಿಡದವರನ್ನ ನಿಲ್ಲಿಸಿ ತಾನು ಬಾಂದಾರದ ಮ್ಯಾಲ ಹೋದ. ದೋಣಿಗೋಳನ್ನ ಹೊತ್ತಕೊಂಡು ಹೋಗೋ ಗಡಿಬಿಡಿಯೊಳಗ ಹಳದಿ ಬಣ್ಣ ಯಾರಿಗೂ ಕಾಣಲಿಲ್ಲ, ಕಂಡವರಿಗೂ ಕುಂಕುಮ ಅರಿಶಿಣ ಅಂದ್ರ ಹೊಸದೇನಲ್ಲ.

ಮೊದಲು ಮೈದುನನ ಮಗ ಇಳದ. ಸುಳ್ಳು ಹೇಳಲ್ಲ, ಛಲೋ ಇಳದ. ಮೊದಲನೇ ಮೆಟ್ಟಲ ದಾಟಿದ, ಎರಡನೇದ್ರಾಗ ಮೂತಿ ನೊರಿಯೊಳಗ ಹೊಕ್ಕಿತು. ಹೊರಗ ಬಂದಾಗ ಮೂತಿ ಮ್ಯಾಲ ಏನೂ ಇರಲಿಲ್ಲ. ಕಂಕಣದ ತುಂಡು ಒಂದು ಹಿಡಿಕ್ಯಾಗ ಜೋತಾಡಲಿಕತ್ತಿತ್ತು. ಹುಡುಗ ಅದನ್ನ ನೋಡಲೇ ಇಲ್ಲ. ಕೆಳಗ ಬಂದು, ಎರಡೂ ಕೈ ಎತ್ತಿ, "ಹ್ಯಾಂಗಪ್ಪಾ!" ಅಂತ ಕೂಗಿದ.  ಅಪ್ಪ ದೋಣಿ ಮೂತೀನೇ ನೋಡಲಿಕತ್ತಿದ್ದ.

ನಾ ಅವನ ಮಾರಿ ನೋಡಿದೆ. ಕಣ್ಣ ತೆಗೀದೇ ನೋಡಿದೆ. ಹೊಟ್ಟಿ ತಣ್ಣಗಾತು. ಅದಕ್ಕ ಬ್ಯಾರೆ ಹೆಸರು ಇದ್ರ ನನಗ ಗೊತ್ತಿಲ್ಲ.

ಆಮ್ಯಾಲ ನನ್ನ ಮಗಳು. ಆಕಿ ಅವನಷ್ಟು ಚಂದ ಇಳೀಲಿಲ್ಲ. ಎರಡನೇ ಮೆಟ್ಟಲದಾಗ ದೋಣಿ ಪೂರಾ ಬೋರಲ ಬಿತ್ತು. ಕೆಂಪು ನೀರಿನ್ಯಾಗ ಬರೇ ದೋಣಿ ಬೆನ್ನು ಕಾಣಸ್ತಿತ್ತು. ನಾ ಎದ್ದು ನಿಂತೆ. ಹಗ್ಗದಾಂವ ಹಗ್ಗ ಎತ್ತಿದ. ಅಷ್ಟರಾಗ ಸೊಂಟ ಹೊಳ್ಳಿಸಿ ಮ್ಯಾಲ ಬಂದಳು, ಕೆಮ್ಮಿದಳು, ಉಗುಳಿದಳು, ಹುಟ್ಟು ಹಾಕಿಕೋತ ದಂಡಿಗೆ ಬಂದಳು. ಕ್ಯಾಮರಾ ಇಟ್ಟಲ್ಲೇ ಇತ್ತು, ನೀರು ಸುರಸಿಕೋತ. ಬಿದ್ದದ್ದು, ಎದ್ದದ್ದು ಎಲ್ಲಾ ಅದರೊಳಗ ಇತ್ತು.

ಮಾಸ್ತರ ಕೆಳಗ ಬಂದು ಮೈದುನನ ದೋಣಿ ಮೂತಿಗೆ ಬೆರಳು ಹಚ್ಚಿದ. ಮೂಸಿ ನೋಡಿದ. "ಎಣ್ಣಿ ಯಾರು ಹಚ್ಚಿದ್ರಿ?" ಅಂದ.  ಬೆರಳು ಪ್ಯಾಂಟಿಗೆ ಒರಸಿಕೊಂಡು ನನ್ನ ಮಗಳಿಗೆ ಹೇಳಿದ: "ನೋಡವ್ವಾ, ಉಳದದ್ದು ಇದೊಂದೇ ಕ್ಯಾಮರಾ. ಇವತ್ತು ನಿನ್ನ ಹತ್ರಾನೇ ಇರ್ಲಿ. ನಾ ಈಗ ಹೋಗಬೇಕು, ಹಗ್ಗದವರು ಇಲ್ಲೇ ಉಳೀತಾರ. ನೀ ಮನಸ ಮಾಡಿ ಕೊಟ್ರ ನಿಮ್ಮ ಕಾಕಾನ ಮಗ ನಾಳಿ ಮುಂಜಾನಿ ನಿನ್ನ ದೋಣ್ಯಾಗೇ ಇನ್ನೊಮ್ಮಿ ಇಳೀಲಿ, ಅದರ ಪಟ್ಟಿ ಗಟ್ಟಿ ಅಂಟಿದ್ದೇ ಅದ, ಕ್ಯಾಮರಾ ಸಿಗಿಸಿದ್ರ ಆತು. ಕೊಡಲಿಲ್ಲಂದ್ರ ಯಾರೂ ಏನೂ ಅನ್ನಂಗಿಲ್ಲ. ನಾಳಿ ಮಧ್ಯಾನ್ಹದೊಳಗ ಮಾತ್ರ ಅದು ಚಿಂಚೋಳ್ಯಾಗ ನನ್ನ ಕೈಗೆ ಬರಬೇಕು."

ದೀಪ ಹಚ್ಚೋ ಹೊತ್ತಿಗೆ ಮೈದುನ ನಮ್ಮ ಬಾಗಿಲಿಗೆ ಬಂದ. ಅಣ್ಣ ಸತ್ತ ಮ್ಯಾಲ ಇದೇ ಮೊದಲು.

"ವೈನಿ," ಅಂದ, "ಆರಾಮದೀರಿ?"

"ಆರಾಮ ಕೇಳಲಿಕ್ಕ ಬಂದಿ?"

"ಕ್ಯಾಮರಾ ಕೊಡ್ರಿ. ಹುಡುಗನ ಜಿಂದಗಿ ಪ್ರಶ್ನಿ ಅದ."

"ನನ್ನ ಮಗಳದು ಏನು, ಬೀದ್ಯಾಗ ಬಿದ್ದದ್ದೇನು?"

"ಇಬ್ಬರ ವಿಡಿಯೋನೂ ಹೋಗ್ಲಿ ಅನ್ನಲಿಕತ್ತೀನಿ. ಮಾಲಕ ನೋಡಿ ಯಾರನ್ನರ ತೊಗೊಳ್ಳಲಿ."

"ಮುಂಡಿ ಮನಿ ಕ್ಯಾಮರಾ. ನಿಮ್ಮ ಹುಡುಗಗ ನಡೀತದೇನು?"

ಅಂವ ಹೊಸ್ತಿಲ ನೋಡಿದ. "ಹಳೇದು ತೆಗೀಬ್ಯಾಡ್ರಿ ವೈನಿ."

"ನಾ ತೆಗದಿಲ್ಲ. ಅದು ಹೊರಗೇ ಅದ, ಅವತ್ತಿನಿಂದ."

ಒಳಗಿಂದ ಮಗಳು ಬಂದಳು. "ಕೊಡಮು ಬೇ ಅವ್ವಾ. ಅಂವ ನನಗಿಂತ ಛಲೋ ಇಳದಾನ. ನೋಡಿದ್ಯಲ್ಲ ನೀ. ಹಿಂಗ ಗೆದ್ರ ಗೆದ್ದಂಗ ಆಗ್ತದೇನು?"

ಕೆಮ್ಮಿಕೋತ ಹೇಳಿದಳು. ಹೇಳೋದರೊಳಗ ಮೂರು ಸಲ ನಿಂತು ಉಸಿರು ತೊಗೊಂಡಳು. ಅಂವ ಛಲೋ ಇಳದಾನ ಅಂತ ನನಗೂ ಗೊತ್ತಿತ್ತು, ಅದಕ್ಕೇ ಕೊಡೋ ಮನಸ ಇರಲಿಲ್ಲ. ಇಬ್ಬರ ವಿಡಿಯೋ ಹೋದ್ರ ಹೈದರಾಬಾದಾಂವ ಯಾರನ್ನ ಆರಿಸ್ತಾನ ಅನ್ನೋದು ಕುರುಡರಿಗೂ ತಿಳೀತದ. ನನ್ನ ಮಗಳು ಫರಸಿ ಧೂಳಿಗೆ ವಾಪಸ ಹೋಗ್ತಾಳ.

"ಮುಂಜಾನಿ ಹೊಳಿಗೆ ಬರ್ರಿ, ನೋಡಮು," ಅಂದೆ ಮೈದುನಗ. ಬರ್ರಿ ಅಂದೆ, ಮರ್ಯಾದಿ ಕೊಟ್ಟೆ. ಅಂವ ಕೈ ಮುಗದು ಹೋದ. ಅಂವ ನನಗ ಕೈ ಮುಗದದ್ದನ್ನ ಓಣ್ಯಾಗಿನವರು ನೋಡಿದರು. ಅದೂ ಛಲೋ ಆತು.

ಮರುದಿನ ಮಗಳು ಏಳೋದಕ್ಕಿಂತ ಮೊದಲು ಎದ್ದೆ. ಕ್ಯಾಮರಾ ಸೆರಗಿನ್ಯಾಗ ಕಟ್ಟಿಕೊಂಡು ಸೇಡಂಗ ಬಂದು, ಸುಲೇಪೇಟ ಮ್ಯಾಲ ಹೋಗೋ ಮೊದಲನೇ ಬಸ್ಸು ಹತ್ತಿ ಚಿಂಚೋಳಿಗೆ ಹೋದೆ. ಮಾಸ್ತರ ಇನ್ನೂ ಹಲ್ಲು ತಿಕ್ಕಲಿಕತ್ತಿದ್ದ. ನನ್ನ ನೋಡಿ ಬಾಯಾಗಿಂದು ಉಗುಳಿದ. "ಇಷ್ಟು ಜಲ್ದಿ? ಆ ಹುಡುಗ ಇಳದನೇನು? ಇದರಾಗ ಇಬ್ಬರದೂ ಅದನಾ?" ಅಂತ ಕೇಳಿದ.

"ಒಬ್ಬಾಕಿದೇ ಅದ, ಹೈದರಾಬಾದಿಗೆ ಕಳಸು," ಅಂದೆ. ಅಂವ ಕಂಪ್ಯೂಟರ್ ಮುಂದ ಕುಂತು ಕಳಸೋತನಕ ಬಾಗಿಲದಾಗ ನಿಂತಿದ್ದೆ. ಆಮ್ಯಾಲ ಬಸ್ ಸ್ಟ್ಯಾಂಡಿಗೆ ಬಂದು, ಹೋಟೆಲಿನ್ಯಾಗ ಕುಂತು ಹೊಟ್ಟಿ ತುಂಬ ಚುರುಮುರಿ ಸುಸಲಾ ತಿಂದೆ.