ಸುರಪುರದಲ್ಲಿ ಕಾದ ನೀರು

ಇಂಥದ್ದನ್ನು ಯಾರಾದರೂ ನನಗೆ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಕಲಬುರಗಿಯಲ್ಲಿ ಭೌತಶಾಸ್ತ್ರ ಓದಿದವನು ನಾನು. ದೆವ್ವ ಕಂಡವರು, ಕನಸಿನಲ್ಲಿ ಅಪ್ಪಣೆ ಪಡೆದವರು ಎದುರು ಕೂತರೆ ಅಡ್ಡಪ್ರಶ್ನೆ ಹಾಕಿ ಅವರ ಬಾಯಿ ಮುಚ್ಚಿಸುವುದು ನನಗೊಂದು ಚಟ. ಈಗ ನಾನೇ ಆ ಕಡೆ ಕೂತು ಹೇಳಬೇಕಾಗಿದೆ. ನಿಮಗೆ ಅಡ್ಡಪ್ರಶ್ನೆ ಇದ್ದರೆ ಕೇಳಿ. ಎಲ್ಲವನ್ನೂ ನಾನು ಮೊದಲೇ ಕೇಳಿಕೊಂಡಿದ್ದೇನೆ.

ಶಹಾಪುರದಲ್ಲಿರುವ ನನ್ನ ಸೋದರಮಾವ ಮಲ್ಲಣ್ಣ ಬಹಳ ವರ್ಷ ಲಾರಿ ಓಡಿಸಿದವರು. ಅವರ ಹೆಂಡತಿ, ನನ್ನ ಅತ್ತೆ ಶರಣಮ್ಮನಿಗೆ ಕೀಲುನೋವು. ಬೆಳಿಗ್ಗೆ ಬಿಸಿನೀರು ಮೈಮೇಲೆ ಬೀಳುವತನಕ ಕೈ ಮಡಚದು, ಮೊಣಕಾಲು ಏಳದು. ಅದರಿಂದಾಗಿ ಆಕೆ ಊರೂರು ತಿರುಗುವುದನ್ನೇ ಬಿಟ್ಟಿದ್ದಳು. ಸುರಪುರದಲ್ಲಿರುವ ಸ್ವಂತ ಅಕ್ಕನ ಮನೆಗೂ ಹೋಗುತ್ತಿರಲಿಲ್ಲ. "ಮಂದಿ ಮನಿಯಾಗ ನಸುಕಿನ್ಯಾಗ ಎದ್ದು ಬಿಸಿನೀರ ಕಾಸಿಕೊಡ್ರಿ ಅನ್ನಾಕ ನನಗ ಬಾಯಿ ಬರಂಗಿಲ್ಲ," ಎನ್ನುತ್ತಿದ್ದಳು.

ಮಾವ ಇದಕ್ಕೆ ಹುಡುಕಿದ ಉಪಾಯ ಅವರಿಗೇ ತಕ್ಕದ್ದು. ಒಂದು ಹಳೆಯ ಶಾಲಾ ವ್ಯಾನು ಕೊಂಡು, ಸೀಟು ಕಿತ್ತು, ಮಂಚ ಹಾಕಿಸಿ, ಹಿಂಬದಿಯಲ್ಲಿ ಪರದೆ ಕಟ್ಟಿದ ಬಚ್ಚಲು ಮಾಡಿಸಿದರು. ಬಚ್ಚಲಿಗೆ ನೀರು ಕಾಯಿಸುವ ಸಣ್ಣ ಟಾಕಿ, ಅದರ ಕೆಳಗೆ ಗ್ಯಾಸಿನ ಒಲೆ. "ಬಚ್ಚಲಕ್ಕ ಗಾಲಿ ಹಚ್ಚೀನಿ ನೋಡು. ಇನ್ನ ಎಲ್ಲಿಗರೆ ನಡಿ," ಎಂದರು ಅತ್ತೆಗೆ.

ಅತ್ತೆ ಒಳಗೆ ಕಾಲಿಟ್ಟವಳೇ ಮೂಗು ಮುಚ್ಚಿಕೊಂಡಳು. "ಗ್ಯಾಸ್ ಸಿಲಿಂಡರ್ ಬಗಲಾಗ ಇಟಗೊಂಡು ನಾ ಮಲಗಂಗಿಲ್ಲ. ಅದರ ಜೋಡಿ ನೀವ ಮಲಗ್ರಿ."

ಮಾವ ನನಗೆ ಫೋನು ಮಾಡಿದರು. ಟಾಕಿಯ ಬದಿಯಲ್ಲಿ ಬಿರಡೆ ಹಾಕಿ ಮುಚ್ಚಿದ್ದ ಒಂದು ತೂತಿತ್ತು. ನಾನು ಬಿರಡೆ ತೆಗೆದು ಅಲ್ಲಿಗೆ ಕರೆಂಟಿನ ಕಾಯಿಲ್ ತಿರುಗಿಸಿ ಕೂಡಿಸಿದೆ. ಅರ್ಥಿಂಗ್ ಕೊಟ್ಟೆ. ನಿಂತ ಊರಿನಲ್ಲಿ ಯಾರದಾದರೂ ಪ್ಲಗ್ಗಿಗೆ ವೈರು ಹಚ್ಚಿದರೆ ಸಾಕು. ಅಂಗಳದಲ್ಲೇ ಪರೀಕ್ಷೆ ಮಾಡಿದೆವು, ನೀರು ಸುಡುಸುಡು ಕಾಯಿತು. ಅತ್ತೆ ನನ್ನ ಕೆನ್ನೆ ಸವರಿ ನೆಟಿಕೆ ಮುರಿದಳು. ಸಿಲಿಂಡರ್ ಶಹಾಪುರದಲ್ಲೇ ಉಳಿಯಿತು. ಹೊರಡುವಾಗ ಒಂದು ಮಾತು ಮಾತ್ರ ಖಂಡಿತವಾಗಿ ಹೇಳಿದಳು: "ಇದೊಂದು ಸಲ ಬರ್ತೀನಿ. ನೀರ ಕಾಯಲಿಲ್ಲಂದ್ರ ಮುಂದ ನನಗ ಎಲ್ಲಿಗೂ ಕರೀಬ್ಯಾಡ್ರಿ."

ಸುರಪುರದಲ್ಲಿ ಅಕ್ಕನ ಮನೆಯ ಓಣಿಯೊಳಗೆ ವ್ಯಾನು ಹೋಗಲಿಲ್ಲ. ಹತ್ತಿರದ ಬಯಲಲ್ಲಿ, ಒಂದು ಹಿಟ್ಟಿನ ಗಿರಣಿಯ ಪಕ್ಕ ನಿಲ್ಲಿಸಿದೆವು. ಗಿರಣಿಯವನು ಒಳ್ಳೆಯ ಮನುಷ್ಯ, ತನ್ನ ಪ್ಲಗ್ಗಿಗೆ ವೈರು ಹಚ್ಚಿಕೊಳ್ಳಲು ಬಿಟ್ಟ. ಸಂಜೆ ಅತ್ತೆ ಅಕ್ಕನ ಮನೆಗೆ ಹೋದಾಗ ನಾನು ಸ್ವಿಚ್ಚು ಹಾಕಿದೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ನಳ ತಿರುಗಿಸಿದರೆ ಹನಿ ನೀರಿಲ್ಲ.

ಅತ್ತೆಯನ್ನು ಕೇಳಬೇಕಾದ ಅಗತ್ಯವೇ ಇರಲಿಲ್ಲ. ಮನೆಯಲ್ಲಿ ದಿನಾ ಸಂಜೆ ಆಕೆ ಬಚ್ಚಲ ಹಂಡೆಯ ಹಳೆಯ ನೀರು ಚೆಲ್ಲಿ, ತೊಳೆದು, ಹೊಸ ನೀರು ತುಂಬಿಸುವವಳು. ನಿನ್ನೆಯ ನೀರಿನಲ್ಲಿ ಸ್ನಾನ ಆಕೆಗಾಗದು. ವ್ಯಾನು ನಿಂತ ಕೂಡಲೇ ಕೆಳಗಿನ ನಳ ಬಿಟ್ಟು ಟಾಕಿ ಖಾಲಿ ಮಾಡಿದ್ದಳು. ಒಣ ಟಾಕಿಯಲ್ಲಿ ಕಾಯಿಲ್ ಸುಟ್ಟುಹೋಗಿತ್ತು. ಮೀಟರು ಹಚ್ಚಿ ನೋಡಿದೆ, ಮುಳ್ಳು ಅಲುಗಲಿಲ್ಲ.

"ಎಮ್ಮೆಸ್ಸಿ ಓದಿದಿ, ಟಾಕಿಯಾಗ ನೀರ ಅದಾವೋ ಇಲ್ಲೋ ಅಂತ ಬಗ್ಗಿ ನೋಡಾಕ ಬರಲಿಲ್ಲೇನಲೇ ಅಳಿಯಾ?" ಎಂದರು ಮಾವ. ಆಮೇಲೆ ದನಿ ತಗ್ಗಿಸಿ, "ಆಕಿಗೆ ಹೇಳಬ್ಯಾಡ. ತನ್ನ ಕೈಯಿಂದ ಕೆಟ್ಟೈತಿ ಅಂತ ಗೊತ್ತಾದ್ರ ಮತ್ತ ಹೊಸಲಿ ದಾಟಂಗಿಲ್ಲ," ಎಂದರು.

ಇಬ್ಬರೂ ಬಕೆಟ್ಟಿನಲ್ಲಿ ತಣ್ಣೀರು ತಂದು ಟಾಕಿ ತುಂಬಿದೆವು. ಬೆಳಿಗ್ಗೆ ಅಕ್ಕನ ಮನೆಯಿಂದ ಗುಟ್ಟಾಗಿ ಬಿಸಿನೀರು ತರುವುದೆಂದು ಮಾತಾಯಿತು. ಗಿರಣಿಯವನು ವೈರನ್ನು ನನ್ನ ಕೈಗೆ ಕೊಟ್ಟು, ಬೀಗ ಹಾಕಿಕೊಂಡು ಹೋದ. ನಾನು ವೈರು ಸುತ್ತಿ ಡ್ರೈವರ್ ಸೀಟಿನ ಕೆಳಗಿಟ್ಟು, ಆ ಸೀಟಿನ ಮೇಲೇ ಮಲಗಿದೆ. ಅತ್ತೆ ಬಂದು ಮಂಚದ ಮೇಲೆ, ಮಾವ ಕೆಳಗೆ.

ನಸುಕಿನಲ್ಲಿ ಎಬ್ಬಿಸಿದ್ದು ಅತ್ತೆಯ ದನಿ. "ಏಳ್ರಿ, ನಂದು ಜಳಕ ಆತು. ನೀರ ಏನ್ ಕಾದಾವಪ್ಪಾ, ಮೈಯೆಲ್ಲಾ ಹೂ ಆದಂಗ ಆಗೇದ." ಚಳಿಗಾಲದ ಬೆಳಗು, ಗಾಜಿನ ಮೇಲೆಲ್ಲ ಹಬೆ. ಆಕೆ ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು, ಗೋಡೆ ಹಿಡಿಯದೆ, ತಾನೇ ಮೆಟ್ಟಿಲಿಳಿದು ಅಕ್ಕನ ಓಣಿಯತ್ತ ನಡೆದಳು. ನಾನು ನಳ ತಿರುಗಿಸಿ ಬೆರಳೊಡ್ಡಿ ತಟ್ಟನೆ ಹಿಂದಕ್ಕೆಳೆದುಕೊಂಡೆ. ವೈರು ಸೀಟಿನ ಕೆಳಗೆ ಸುತ್ತಿದ ಹಾಗೇ ಇತ್ತು. ಗಿರಣಿಯ ಬೀಗ ತೆಗೆದಿರಲಿಲ್ಲ.

"ಯಾವಾಗ ರಿಪೇರಿ ಮಾಡಿದ್ಯೋ ಮಾರಾಯಾ?" ಎಂದು ಮಾವ ನನ್ನ ಬೆನ್ನು ತಟ್ಟಿದರು. ಅದೇ ಹೊತ್ತಿಗೆ ನಾನು, ಇವರು ಎಲ್ಲಿಂದಲೋ ಕೊಡಗಟ್ಟಲೆ ಬಿಸಿನೀರು ತಂದು ಸುರಿದಿದ್ದಾರೆ ಎಂದುಕೊಳ್ಳುತ್ತಿದ್ದೆ.

ಆ ಕಾಯಿಲನ್ನು ಊರಿಗೆ ಬಂದು ಬಿಚ್ಚಿದೆ. ಸತ್ತೇ ಇತ್ತು. ಇವತ್ತಿಗೂ ನನ್ನ ಮೇಜಿನ ಮೇಲಿದೆ. ಕೆಲವೊಮ್ಮೆ ನನ್ನ ನೆನಪಿನ ಮೇಲೇ ಅನುಮಾನ ಬರುತ್ತದೆ. ಮೊಬೈಲಿನ ಬೆಳಕಿನಲ್ಲಿ ಮೀಟರನ್ನು ಸರಿಯಾಗಿ ಓದಿದ್ದೆನೆ? ಚಳಿಗೆ ಮರಗಟ್ಟಿದ ಬೆರಳಿಗೆ ಉಗುರುಬೆಚ್ಚಗಿನ ನೀರೂ ಸುಟ್ಟಂತಾಯಿತೆ? ಆದರೆ ಉಗುರುಬೆಚ್ಚಗಾದರೂ ಹೇಗೆ ಆಯಿತು? ಅತ್ತೆಯನ್ನು ಕೇಳಿದರೆ, "ಕಾದಿದ್ವು, ಜಳಕ ಮಾಡೀನಿ. ಅದನ್ನೇನ್ ಕೇಳ್ತೀಯೋ ಹುಚ್ಚಾ," ಎನ್ನುತ್ತಾಳೆ. ಕಾಯಿಲ್ ಸುಟ್ಟ ಸಂಗತಿ ಆಕೆಗೆ ಇನ್ನೂ ಗೊತ್ತಿಲ್ಲ. ಈಗ ಹೊಸ ಕಾಯಿಲ್ ಇದೆ, ವ್ಯಾನು ಮನೆಯ ಮುಂದೆ ನಿಲ್ಲುವುದೇ ಅಪರೂಪ.

ಉಳಿದ ದಾರಿ ಒಂದೇ, ಮಾವನನ್ನು ಸಂಶಯಿಸುವುದು. ಒಮ್ಮೆ ಗೋಗಿಯ ದಾರಿಯಲ್ಲಿ ಅವರಿಗೆ ವ್ಯಾನು ನಿಲ್ಲಿಸಲು ಹೇಳಿ ನೇರವಾಗಿ ಕೇಳಿಯೇಬಿಟ್ಟೆ. ಅವರು ಸ್ಟೀರಿಂಗ್ ಬಿಟ್ಟು, ಹಿಂದೆ ಮಲಗಿದ್ದ ಅತ್ತೆಯತ್ತ ಒಮ್ಮೆ ನೋಡಿ, "ಆಕಿ ಆಣಿ, ನಾ ಅಲ್ಲ. ನೀ ಅಂತ ತಿಳದಿದ್ನೆಲ್ಲೋ," ಎಂದರು. ನಾನು ಆಣೆಗಳನ್ನು ನಂಬುವವನಲ್ಲ. ಆದರೆ ಮಾವ ಅತ್ತೆಯ ಮೇಲೆ ಸುಳ್ಳು ಆಣೆ ಇಡುವವರಲ್ಲ ಎಂಬುದನ್ನು ನಂಬುತ್ತೇನೆ. ನನ್ನ ತೊಂದರೆ ಇರುವುದೇ ಅಲ್ಲಿ.